ದೊಡ್ಡವರಾದ ಮೇಲೆ ಕುರ್‌ಆನ್ ಪಠಣ: ಕಷ್ಟದ ಅಕ್ಷರಗಳನ್ನು ತಿದ್ದಿಕೊಳ್ಳುವುದು ಹೇಗೆ?

ಕನ್ನಡ ಲಿಪಿಯಲ್ಲಿ ಅಚ್ಚಾದ ಸೂರಾಗಳನ್ನು (ಕುರ್‌ಆನಿನ ಅಧ್ಯಾಯಗಳನ್ನು) ನೋಡಿ ಓದುತ್ತಿದ್ದರೆ ಮೊದಲು ಆ ಪುಸ್ತಕವನ್ನು ಪಕ್ಕಕ್ಕಿಡಿ. ಅರಬಿಯ ಮೂರು ಅಕ್ಷರಗಳಿಗೆ ಅಲ್ಲಿರುವುದು ಒಂದೇ ‘ಸ’, ಎರಡಕ್ಕೆ ಒಂದೇ ‘ಹ’. ಗಂಟಲಿನ ಅಕ್ಷರ ‘ಐನ್’ ಅಂತೂ ಬರೀ ‘ಅ’ ಆಗಿಬಿಡುತ್ತದೆ. ಐನ್ ಇದ್ದರೆ ‘ಅಲೀಮ್’ ಎಂದರೆ ಎಲ್ಲವನ್ನೂ ಬಲ್ಲವನು. ಅದರ ಬದಲು ಬರೀ ‘ಅ’ದಂತೆ ಕೇಳುವ ಹಂಝ ಬಂದರೆ ಯಾತನಾಮಯ. ಇಂಥ ಎದ್ದುಕಾಣುವ ತಪ್ಪಿಗೆ ತಜ್ವೀದ್‌ನಲ್ಲಿ, ಅಂದರೆ ಪಠಣದ ನಿಯಮಗಳಲ್ಲಿ, ‘ಲಹ್ನ್ ಜಲಿ’ ಎನ್ನುತ್ತಾರೆ.

ಅಕ್ಷರ ಹುಟ್ಟುವ ಜಾಗ, ಅಂದರೆ ಮಖ್ರಜ್ ಹುಡುಕಲು ಹಳೆಯ ಉಪಾಯವೊಂದಿದೆ. ಅಕ್ಷರಕ್ಕೆ ಸುಕೂನ್ (ಸ್ವರವಿಲ್ಲದ ಗುರುತು) ಕೊಟ್ಟು, ಅದರ ಮೊದಲು ‘ಅ’ ಸೇರಿಸಿ: ಅತ್, ಅಸ್, ಅಕ್. ದನಿ ಎಲ್ಲಿ ತಡೆಯುತ್ತದೋ ಅದೇ ಮಖ್ರಜ್. ಪ್ರತಿಯೊಂದು ಅಕ್ಷರವನ್ನೂ ಹೀಗೆ ಹಿಡಿದ ಮೇಲೆಯೇ ಆಯತ್‌ಗೆ (ವಚನಕ್ಕೆ) ಹೋಗಿ.

ಕನ್ನಡಿಯಲ್ಲಿ ಕಾಣುವ ಅಕ್ಷರಗಳಿಂದ ಶುರು ಮಾಡುವುದು ಸುಲಭ. ‘ಸಾ’, ‘ಝಾಲ್’ ಎರಡಕ್ಕೂ ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಅಂಚಿಗೆ ತಾಗಬೇಕು, ಗಾಳಿ ಹರಿಯುತ್ತಿರಬೇಕು. ಗಾಳಿ ನಿಂತರೆ ಕನ್ನಡದ ‘ಥ’, ‘ದ’ ಕೇಳಿಸುತ್ತದೆ. ಕಟ್ಟಿಸಿದ ಹಲ್ಲಿದ್ದವರು ಅದನ್ನು ಹಾಕಿಕೊಂಡೇ ಅಭ್ಯಾಸ ಮಾಡಲಿ.

ಮುಂದಿನದು ಗಂಟಲು. ‘ಅಲ್‌ಹಮ್ದು’ವಿನ ‘ಹಾ’ ಗಂಟಲ ನಡುವಿನಿಂದ ಬರುವುದು. ಕನ್ನಡಕದ ಗಾಜು ಒರೆಸುವ ಮುನ್ನ ಬಿಸಿಯುಸಿರು ಬಿಡುತ್ತೇವಲ್ಲ, ಆ ಉಸಿರನ್ನೇ ಗಂಟಲು ಬಿಗಿಸಿ ಬಿಟ್ಟಂತೆ. ಗರಗರ ಬಂದರೆ ಅದು ‘ಖಾ’ ಆಯಿತು. ಅದೇ ಜಾಗದಲ್ಲಿ ದನಿ ಸೇರಿಸಿದರೆ ಐನ್. ಇಲ್ಲಿ ತಪ್ಪು ಎರಡು ಬಗೆ: ಕೆಲವರು ಗಂಟಲು ಕಟ್ಟಿದಂತೆ ದನಿಯನ್ನೇ ನಿಲ್ಲಿಸಿಬಿಡುತ್ತಾರೆ, ಹೆಚ್ಚಿನವರು ಐನ್ ನುಂಗಿ ಸ್ವರ ಎಳೆಯುತ್ತಾರೆ. ಕುರ್‌ಆನಿನ ಮೊದಲ ಸೂರಾ ಫಾತಿಹಾದ ‘ನಅ್‌ಬುದು’ ಹೀಗೆಯೇ ‘ನಾಬುದು’ ಆಗುವುದು. ಗಂಟಲು ನೋಯುತ್ತಿದ್ದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ, ನಿಲ್ಲಿಸಿ.

‘ಮುಸ್ತಕೀಮ್’ನ ಕಾಫ್‌ಗೆ ನಾಲಿಗೆಯ ಬುಡ ಕಿರುನಾಲಿಗೆಯ ಬಳಿ ಒತ್ತಬೇಕು. ಉಸಿರು ಚಿಮ್ಮಬಾರದು. ದಖ್ಖನಿ ಮನೆಮಾತಿನವರಿಗೆ ಇದು ‘ಖ’ ಆಗುವ ಚಾಳಿ, ಕನ್ನಡ ಮನೆಮಾತಿನವರಿಗೆ ಸಾದಾ ‘ಕ’.

ಸಾದ್, ಳಾದ್, ತಾ, ಝಾ ದಪ್ಪ ದನಿಯ ಅಕ್ಷರಗಳು. ದಪ್ಪ ಮಾಡಲು ತುಟಿ ದುಂಡಗೆ ಮಾಡುವವರೇ ಬಹಳ. ಅದರಿಂದ ‘ಸಿರಾತ್’ ಹಾಳಾಗುತ್ತದೆ. ತುಟಿಯನ್ನು ಸುಮ್ಮನೆ ಬಿಟ್ಟು ನಾಲಿಗೆಯ ಹಿಂಭಾಗವನ್ನು ಅಂಗುಳಿನತ್ತ ಎತ್ತಿ. ದಪ್ಪ ‘ತಾ’ಕ್ಕೂ ತುದಿ ಮುಂಹಲ್ಲಿನ ಬುಡದಲ್ಲೇ ಇರುತ್ತದೆ, ಮಡಚಿದರೆ ‘ಟ’ ಆಗುತ್ತದೆ.

ಎಲ್ಲಕ್ಕಿಂತ ಕೊನೆಗೆ ಳಾದ್. ಕರಾವಳಿಯಲ್ಲಿ ‘ರಮಳಾನ್’, ಬಯಲುಸೀಮೆಯಲ್ಲಿ ‘ರಂಜಾನ್’ ಎನ್ನುವುದು ಈ ಒಂದೇ ಅಕ್ಷರವನ್ನು. ಪಠಣಕ್ಕೆ ಎರಡೂ ಸಲ್ಲವು. ನಾಲಿಗೆಯ ಬದಿ ಮೇಲಿನ ದವಡೆ ಹಲ್ಲುಗಳಿಗೆ ಒತ್ತಬೇಕು, ತುದಿ ಹೊರಬರಕೂಡದು. ಎಡಬದಿ ಹೆಚ್ಚಿನವರಿಗೆ ಸಲೀಸು. ಫಾತಿಹಾದ ಕೊನೆಯ ಪದದಲ್ಲಿ ಳಾದ್ ಆದ ಕೂಡಲೇ 6 ಹರಕತ್‌ನ (ಹರಕತ್ ಎಂದರೆ ಒಂದು ಹ್ರಸ್ವ ಸ್ವರದ ಅಳತೆ) ಮದ್, ಅಂದರೆ ಎಳೆತ, ಇರುವುದರಿಂದ ಅವಸರಪಟ್ಟರೆ ಅಕ್ಷರ, ಎಳೆತ ಎರಡೂ ತಪ್ಪುತ್ತವೆ.

ದಿನಕ್ಕೆ 10 ನಿಮಿಷ, ವಾರಕ್ಕೆ ಒಂದೇ ಅಕ್ಷರ ಸಾಕು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಆದರೆ ಬಾಯಿಯೊಳಗೆ ನಾಲಿಗೆ ಎಲ್ಲಿದೆಯೆಂದು ಮೊಬೈಲ್ ಹೇಳಲಾರದು. ವಾರಕ್ಕೊಮ್ಮೆಯಾದರೂ ಉಸ್ತಾದರ ಎದುರು ಕೂತು ಓದಿ ಒಪ್ಪಿಸಿ.