ಆಘಾತದ ಒತ್ತಡ ಮತ್ತು ಉಳಿದುಹೋಗುವ ನೋವು: ಇಲಿಗಳಲ್ಲಿ ಅಳೆಯುವ ಕ್ರಮ

ಆಘಾತ ಕಂಡ ಹಲವರಲ್ಲಿ ಬೆನ್ನು, ಕುತ್ತಿಗೆಯ ನೋವು ವರ್ಷಗಟ್ಟಲೆ ಏಕೆ ಉಳಿಯುತ್ತದೆ ಎಂಬುದನ್ನು ಇಲಿಗಳಲ್ಲಿ ಪರೀಕ್ಷಿಸಲು ಹೊರಟಿರುವ ಹುಬ್ಬಳ್ಳಿ-ಧಾರವಾಡದ ಫಾರ್ಮಸಿ ವಿದ್ಯಾರ್ಥಿಗಳು ಮೊದಲು ಕ್ಯಾಲೆಂಡರ್ ಹಿಡಿದು ಕೂರಬೇಕು. ಇಲ್ಲಿ ಔಷಧದ ಪ್ರಮಾಣದಷ್ಟೇ ದಿನಗಳ ಲೆಕ್ಕವೂ ಮುಖ್ಯ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಸೇರುವವರೆಗೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ.

ಹೆಚ್ಚು ಬಳಕೆಯಲ್ಲಿರುವುದು ಸಿಂಗಲ್ ಪ್ರೊಲಾಂಗ್ಡ್ ಸ್ಟ್ರೆಸ್, ಅಂದರೆ ಒಮ್ಮೆಗೇ ದೀರ್ಘ ಒತ್ತಡ ಕೊಡುವ ಮಾದರಿ. ಒಂದೇ ದಿನದಲ್ಲಿ 2 ಗಂಟೆ ಅಲುಗಾಡದಂತೆ ಕೂಡಿಹಾಕುವುದು, 20 ನಿಮಿಷ ಈಜಿಸುವುದು, 15 ನಿಮಿಷ ವಿಶ್ರಾಂತಿ ಕೊಟ್ಟು ಪ್ರಜ್ಞೆ ತಪ್ಪುವವರೆಗೆ ಈಥರ್ ನೀಡುವುದು, ಬಳಿಕ 7 ದಿನ ಯಾರೂ ತೊಂದರೆ ಕೊಡದೆ ಬಿಡುವುದು ಇದರ ಕ್ರಮ. ಒತ್ತಡದ ಪರಿಣಾಮ ಬಲಿಯುವುದು ಈ 7 ದಿನಗಳಲ್ಲಿಯೇ ಆದ್ದರಿಂದ ಗಣೇಶ ವಿಸರ್ಜನೆಯ ಮೆರವಣಿಗೆ, ದೀಪಾವಳಿಯ ಪಟಾಕಿಗಳ ದಿನಗಳಿಗೆ ಅವಧಿ ತಾಗದಂತೆ ನೋಡಿಕೊಳ್ಳಿ. ಆ ಸದ್ದಿಗೆ ಒತ್ತಡವಿಲ್ಲದ ಗುಂಪೂ ಬೆದರಿದರೆ ಹೋಲಿಕೆಗೆ ಏನೂ ಉಳಿಯುವುದಿಲ್ಲ.

ಒತ್ತಡ ಕೊಟ್ಟ ಕೂಡಲೇ ನೋವು ಅಳೆಯುವುದು ನಾನು ಮತ್ತೆ ಮತ್ತೆ ಕಾಣುವ ತಪ್ಪು. ತೀವ್ರ ಭಯದ ಹೊತ್ತಿನಲ್ಲಿ ಮಿದುಳು ನೋವನ್ನು ಅದುಮಿಡುವುದರಿಂದ ಇಲಿಯ ನೋವು ಕಡಿಮೆಯಾದಂತೆ ಕಾಣುತ್ತದೆ. ಸಂವೇದನೆ ಹೆಚ್ಚುವುದು ಆಮೇಲೆ. ಆದ್ದರಿಂದ ಒತ್ತಡಕ್ಕೆ ಮುನ್ನ ಒಮ್ಮೆ, ನಂತರ 7, 14, 21 ಮತ್ತು 28ನೆಯ ದಿನಗಳಂದು ಅಳೆಯಿರಿ.

ಅಳತೆಗೆ ವಾನ್ ಫ್ರೇ ನೈಲಾನ್ ಎಳೆಗಳು, ಅಂದರೆ ಒಂದೊಂದೂ ತನ್ನದೇ ನಿಗದಿತ ಒತ್ತಿಗೆ ಬಾಗುವ ಎಳೆಗಳು, ಸಾಕು. ತಂತಿಜಾಲರಿಯ ಮೇಲಿನ ಪೆಟ್ಟಿಗೆಯಲ್ಲಿ ಇಲಿಯನ್ನು ಅರ್ಧ ಗಂಟೆ ಬಿಡಿ. ಮೂಸುತ್ತ ಓಡಾಡುವುದು ನಿಂತು, ಮೈ ನೆಕ್ಕಿಕೊಂಡು ಸುಮ್ಮನಾದ ಮೇಲೆ ಕೆಳಗಿನಿಂದ ಹಿಂಗಾಲಿನ ಪಾದದ ನಡುವಿಗೆ ಎಳೆಯನ್ನು ನೇರವಾಗಿ ಒತ್ತಿ, ಅದು ಸ್ವಲ್ಪ ಬಾಗಿದಾಗ ಕೆಲವು ಸೆಕೆಂಡು ಹಿಡಿಯಿರಿ. ಪಾದವನ್ನು ಥಟ್ಟನೆ ಸೆಳೆದುಕೊಂಡರೆ, ಒದರಿದರೆ, ನೆಕ್ಕಿದರೆ ಮಾತ್ರ ಎಣಿಸಿ, ನಡೆದುಹೋದರೆ ಲೆಕ್ಕಕ್ಕಿಲ್ಲ. ಪ್ರತಿಕ್ರಿಯೆ ಬಂದರೆ ತೆಳು ಎಳೆಗೆ, ಬಾರದಿದ್ದರೆ ದಪ್ಪ ಎಳೆಗೆ ಹೋಗಬೇಕು. ಧಾರವಾಡದ ಜುಲೈ ಮಳೆಯಲ್ಲಿ ನೈಲಾನ್ ತೇವ ಹೀರಿ ಮೆತ್ತಗಾಗುತ್ತದೆ, ಆದಕಾರಣ ಪ್ರತಿ ಎಳೆಯನ್ನೂ ಅಂದಂದೇ ಡಿಜಿಟಲ್ ತಕ್ಕಡಿಯ ಮೇಲೆ ಒತ್ತಿ ಗ್ರಾಂ ನೋಡಿಕೊಳ್ಳಿ.

ಅಳೆಯುವವರು ಕೊನೆಯವರೆಗೂ ಒಬ್ಬರೇ ಇರಲಿ, ಯಾವ ಇಲಿ ಯಾವ ಗುಂಪಿನದು ಎಂಬುದು ಅವರಿಗೆ ತಿಳಿಯದಿರಲಿ. ಗಂಡಸರ ಮೈವಾಸನೆಯೇ ಇಲಿಗಳ ನೋವಿನ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ ಎಂದು 2014ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದ್ದಾರೆ. ಅಳೆದವರು ಗಂಡೋ ಹೆಣ್ಣೋ ಎಂಬುದನ್ನೂ ದಾಖಲಿಸಿ. ಗಂಡು, ಹೆಣ್ಣು ಇಲಿಗಳೆರಡನ್ನೂ ಬಳಸಿ.

ವರದಿಯಲ್ಲಿ ‘ಇಲಿಗೆ ಪಿಟಿಎಸ್‌ಡಿ ಬಂದಿದೆ’ ಎಂದು ದಯವಿಟ್ಟು ಬರೆಯಬೇಡಿ, ಅದು ಆಘಾತದ ನಂತರ ಮನುಷ್ಯರಲ್ಲಿ ಗುರುತಿಸುವ ಮಾನಸಿಕ ಕಾಯಿಲೆಯ ಹೆಸರು. ಪಾದ ಸೆಳೆದುಕೊಳ್ಳಲು ಬೇಕಾದ ಒತ್ತು ಎಷ್ಟು ಗ್ರಾಂ ಇಳಿಯಿತು, ಎಷ್ಟು ವಾರ ಹಾಗೆಯೇ ಉಳಿಯಿತು ಎಂಬುದನ್ನು ಬರೆಯಿರಿ.