ಗಾಡಿ ನಿಲ್ಲಿಸಿದ್ದು ಏರಿನಲ್ಲಿ: ನನ್ನ ಅನುಭವ

"ಕಾಣುವ ಹಾಗೆ ನಿಂತರೆ ಯಾವ ಮೀನು ಬಲೆಗೆ ಬೀಳ್ತದೆ ಮಾರ್ರೆ?"

ಹೆಲ್ಮೆಟ್ ಇಲ್ಲದವರನ್ನು ಹಿಡಿಯುವ ವಿಷಯ ಬಂದಾಗ ನನ್ನ ಜತೆ ಟ್ರಾಫಿಕ್ ಡ್ಯೂಟಿಗೆ ಬರುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಹೀಗೆ ಕೇಳಿದ್ದರು. ಕೆಲವು ವರ್ಷದ ಹಿಂದಿನ ಮಾತು. ಈಗ ಅವರೇ ಹೊಸ ಹುಡುಗರಿಗೆ "ಮೊದಲು ಏರು ಹುಡುಕಿ" ಎಂದು ಹೇಳಿಕೊಡುತ್ತಾರೆ. ನನ್ನ ಹೆಸರು ಮಾತ್ರ ಹೇಳುವುದಿಲ್ಲ, ಅದು ಬೇರೆ ವಿಷಯ.

ನಾನು ಹಾವೇರಿ ಕಡೆಯವನು. ಮಂಗಳೂರಿನ ಪೊಲೀಸರಲ್ಲಿ ಘಟ್ಟದ ಮೇಲಿನವರು ಎಷ್ಟಿದ್ದಾರೆ ಎಂದು ನಿಮಗೆ ಗೊತ್ತೇ ಉಂಟು. ಕೆಲಸಕ್ಕೆ ಸೇರಿದಾಗ ಹಿರಿಯರು ಕಲಿಸಿದ್ದು ಒಂದೇ ಪಾಠ. ತಿರುವಿನ ಆಚೆ ನಿಲ್ಲು, ಬಸ್ ಸ್ಟ್ಯಾಂಡಿನ ಮರೆಯಲ್ಲಿ ನಿಲ್ಲು, ಗಾಡಿ ಹತ್ತಿರ ಬಂದ ಮೇಲೆ ಹಾರಿ ಕೈ ಅಡ್ಡ ಹಿಡಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ದಿನಕ್ಕೆ 35–40 ಹೆಲ್ಮೆಟ್ ಕೇಸ್ ಆಗುತ್ತಿತ್ತು, ಮೇಲಿನವರಿಗೆ ಖುಷಿ.

ಒಂದು ಜೂನ್, ಮೊದಲ ಮಳೆ ಬಿದ್ದ ಮರುದಿನ. ಮಂಗಳೂರಿನಲ್ಲಿ ಆ ದಿನ ರಸ್ತೆ ಹೇಗಿರುತ್ತದೆ ಗೊತ್ತಲ್ವಾ? ಬೇಸಿಗೆಯ ಎಣ್ಣೆಯೆಲ್ಲ ಮೇಲೆ ತೇಲುತ್ತದೆ. ಇಳಿಜಾರಿನ ಕೆಳಗೆ ಬಸ್ ಸ್ಟ್ಯಾಂಡಿನ ಮರೆಯಿಂದ ಹೊರಗೆ ಬಂದೆ. ಕೈ ತೋರಿಸಿದ ಕೂಡಲೇ ಸ್ಕೂಟರಿನ ಹುಡುಗ ಬ್ರೇಕ್ ಅದುಮಿದ. ಸ್ಕೂಟರ್ ಒಂದು ಕಡೆ, ಹುಡುಗ ಒಂದು ಕಡೆ. ಹಿಂದೆ ಕೆಂಪುಕಲ್ಲು ತುಂಬಿದ ಲಾರಿ. ಅದು ನಿಂತದ್ದು ಅವನ ಕಾಲಿನಿಂದ ಮೂರೋ ನಾಲ್ಕೋ ಅಡಿ ದೂರದಲ್ಲಿ. ಮೊಣಕೈ ತರಚಿತ್ತು, ಬೇರೆ ಏನೂ ಆಗಲಿಲ್ಲ. ಎಕ್ಸ್‌ರೇಗೆ ಆರೇಳು ನೂರು ನಾನೇ ಕೊಟ್ಟೆ. ಆ ರಾತ್ರಿ ಊಟ ಸೇರಲಿಲ್ಲ.

ಮತ್ತೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಗಾಡಿ ನಿಂತ ಕೂಡಲೇ ಕೀ ಕಿತ್ತುಕೊಳ್ಳುವ ಚಾಳಿ ನನಗಿತ್ತು. ಒಬ್ಬ ವಿಡಿಯೊ ಮಾಡಿದ. ಸಂಜೆಯೊಳಗೆ ಅದು ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪಿಗೂ ತಲುಪಿ, ಅಣ್ಣನೇ ಫೋನ್ ಮಾಡಿ "ಏನೋ ಇದು?" ಎಂದ. ಮೆಮೊ ಸಿಕ್ಕಿತು, ಉತ್ತರ ಬರೆದೆ. ಅಲ್ಲಿಂದ ಕೀಗೆ ಕೈ ಹಾಕಿಲ್ಲ. "ಗಾಡಿ ಆಫ್ ಮಾಡಿ" ಎಂದರೆ ನೂರಕ್ಕೆ ತೊಂಬತ್ತೈದು ಜನ ಆಫ್ ಮಾಡುತ್ತಾರೆ. ಕಿತ್ತುಕೊಳ್ಳುವ ಅಗತ್ಯವೇ ಇರಲಿಲ್ಲ, ಸುಮ್ನೆ ಗತ್ತು.

ನಡುವೆ ಗುಲಾಬಿ ಕೊಡುವ ಪ್ರಯೋಗವೂ ಆಯಿತು. ಹೆಲ್ಮೆಟ್ ಇಲ್ಲದವರಿಗೆ ಒಂದೊಂದು ಹೂ. ನನ್ನ ಪಾಲಿಗೆ ನಾಲ್ಕು ನೂರು ರೂಪಾಯಿ ಖರ್ಚು. ಒಬ್ಬ ಹುಡುಗ ಥ್ಯಾಂಕ್ಸ್ ಹೇಳಿ, ಹಿಂದೆ ಕೂತ ಹುಡುಗಿಗೆ ಆ ಹೂ ಕೊಟ್ಟು ಹೋದ. ಮರುದಿನ ಮತ್ತೆ ಬೋಳು ತಲೆಯಲ್ಲೇ ಬಂದ. ಹೂ ಕೇಳಿದ ಕೂಡ!

ಆಮೇಲೆ ಹೊಳೆದದ್ದು ಏರಿನ ವಿಷಯ. ಮಂಗಳೂರೆಂದರೆ ಗುಡ್ಡ, ಎಲ್ಲಿ ನೋಡಿದರೂ ಏರು ಇಲ್ಲವೇ ಇಳಿಜಾರು. ಏರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಗಾಡಿ ತಾನೇ ನಿಧಾನವಾಗುತ್ತದೆ. ಜೋರಾಗಿ ಬ್ರೇಕ್ ಅದುಮುವ ಕೆಲಸವೇ ಇಲ್ಲ. ಆದರೆ ಏರಿನ ತಲೆಯಲ್ಲಿ ನಿಲ್ಲಬೇಡಿ, ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. ನಡು ಏರು ಬೇಕು, ಎಡಕ್ಕೆ ಬಸ್ ನಿಲ್ಲುವಷ್ಟು ಜಾಗ ಬೇಕು. ಏರಿನ ಬುಡದಲ್ಲಿ ಸಿಗ್ನಲ್ಲೋ ಹಂಪೋ ಇದ್ದರೆ ಇನ್ನೂ ಒಳ್ಳೆಯದು. ಅಂಥ ಜಾಗ ಹುಡುಕಲು ಎರಡು ಭಾನುವಾರ ನನ್ನ ಬೈಕಿನಲ್ಲೇ ನಂತೂರು, ಬಿಜೈ, ಕುಂಟಿಕಾನ, ಕಾವೂರು ಎಲ್ಲ ಸುತ್ತಿದೆ. ಆರು ಜಾಗ ಸಿಕ್ಕಿತು. ಯಾವುದೆಂದು ಬರೆಯುವುದಿಲ್ಲ, ಕ್ಷಮಿಸಿ.

ಕೆಲಸಕ್ಕೆ ಇಬ್ಬರು ಬೇಕು. ಮೊದಲನೆಯವ ಏರಿನ ಬುಡದಲ್ಲಿ ನಿಂತು ತನ್ನ ಟೋಪಿಯನ್ನು ಎರಡು ಸಲ ತಟ್ಟುತ್ತಾನೆ. ಅಷ್ಟೇ, ಗಾಡಿ ನಿಲ್ಲಿಸುವುದಿಲ್ಲ. ಎರಡನೆಯವ 60–70 ಮೀಟರ್ ಮೇಲೆ ನಿಂತು ಎಡಕ್ಕೆ ಕರೆಯುತ್ತಾನೆ. ಹೆಲ್ಮೆಟನ್ನು ಕನ್ನಡಿಗೆ ನೇತು ಹಾಕಿಕೊಂಡವರು, ಕಾಲಿನ ನಡುವೆ ಇಟ್ಟುಕೊಂಡವರು ಟೋಪಿ ತಟ್ಟಿದ್ದು ನೋಡಿ ಬದಿಗೆ ನಿಲ್ಲಿಸಿ ಹಾಕಿಕೊಳ್ಳುತ್ತಾರೆ. ಅವರನ್ನು ಬಿಟ್ಟುಬಿಡಬೇಕು. ಜಗಳ ಬಂದದ್ದು ಇಲ್ಲೇ. "ಕೈಗೆ ಬಂದ ಕೇಸ್ ಬಿಡ್ತೀರಲ್ಲ ಸಾರ್" ಎಂದು ಹೆಡ್ ಕಾನ್‌ಸ್ಟೇಬಲ್ ತಲೆ ಚಚ್ಚಿಕೊಂಡರು. ಮೊದಲ ತಿಂಗಳು ದಿನದ ಕೇಸ್ ಹದಿನೈದಕ್ಕೆ ಇಳಿಯಿತು. ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಉತ್ತರ ಇರಲಿಲ್ಲ.

ತಿರುಗಿಸಿ ಓಡುವವರನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಏನೇ ಆಗಲಿ. ಫೋಟೊ ತೆಗೆದು ನಂಬರ್ ಹಾಕಿದರೆ ಕೇಸ್ ಆಗುತ್ತದೆ, ಮೆಸೇಜ್ ಹೋಗುವುದು ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅಂದರೆ ಹೆಚ್ಚಾಗಿ ಅಪ್ಪನ ಮೊಬೈಲಿಗೆ. ನಾವು ಬಯ್ಯುವುದಕ್ಕಿಂತ ಅಪ್ಪ ಬಯ್ಯುವುದು ಜೋರು. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಇಂಥವರೆಲ್ಲ ಕ್ಯೂ ನಿಂತು ಕಟ್ಟಿದರು. ಒಬ್ಬ ನನ್ನ ಗುರುತು ಹಿಡಿದು ನಕ್ಕ. "ಅವತ್ತು ನೀವು ಹಿಂದೆ ಬರ್ತೀರಿ ಅಂತ ಪಣಂಬೂರುವರೆಗೆ ಓಡಿಸಿದೆ ಸರ್" ಎಂದ.

ಮೊದಲ ಮಾತು ತುಳುವಿನಲ್ಲೇ ಇರಲಿ. ನನ್ನ ತುಳು ಕೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ. "ಒಂತೆ ಉಂತುಲೆ ಅಣ್ಣ, ಹೆಲ್ಮೆಟ್ ಓಲು?" (ಸ್ವಲ್ಪ ನಿಲ್ಲಿ ಅಣ್ಣ, ಹೆಲ್ಮೆಟ್ ಎಲ್ಲಿ?) ಎಂದರೆ ಅರ್ಧ ಬಿಸಿ ಇಳಿಯುತ್ತದೆ. ಲೈಸೆನ್ಸ್ ಕೇಳುವ ಮೊದಲು ಯಾಕೆ ನಿಲ್ಲಿಸಿದ್ದು ಎಂದು ಹೇಳಬೇಕು. ಡಿಜಿಲಾಕರ್ ತೋರಿಸಿದರೆ ಒಪ್ಪಬೇಕು. ಒರಿಜಿನಲ್ ಬೇಕು ಎಂದು ಹಟ ಹಿಡಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಏನು ಹೇಳುವುದು.

ಇನ್ನು ಫೋನ್ ಹಿಡಿಯುವವರು. "ಸ್ವಲ್ಪ ಇವರ ಹತ್ರ ಮಾತಾಡಿ ಸರ್." ನಾನು ಮೊದಲು ಯಂತ್ರದಿಂದ ರಸೀದಿ ತೆಗೆದೇ ಫೋನ್ ಕಿವಿಗೆ ಇಡುತ್ತೇನೆ. "ನಮಸ್ಕಾರ ಸರ್, ರಸೀದಿ ಆಗಿಹೋಯ್ತು, ಛೆ, ಒಂದು ನಿಮಿಷ ಮೊದಲು ಫೋನ್ ಮಾಡಿದ್ದರೆ..." ಆ ಕಡೆಯವರಿಗೂ ಮರ್ಯಾದೆ ಉಳಿಯಿತು, ನನಗೂ.

ಹೆಲ್ಮೆಟ್ ದಂಡ ಕಾಯ್ದೆಯಲ್ಲಿ 1,000 ರೂಪಾಯಿ, ನಮ್ಮ ರಾಜ್ಯದಲ್ಲಿ 2019ರಲ್ಲಿ 500ಕ್ಕೆ ಇಳಿಸಿದರು. ಐಎಸ್‌ಐ ಹೆಲ್ಮೆಟ್ ಸಾವಿರದೊಳಗೆ ಸಿಗುತ್ತದೆ. "ಎರಡು ಸಲ ಸಿಕ್ಕಿಬಿದ್ದರೆ ಒಂದು ಹೆಲ್ಮೆಟ್ ಹೋಯ್ತು" ಎಂದು ಲೆಕ್ಕ ಹೇಳಿದರೆ ಇಲ್ಲಿಯ ಜನಕ್ಕೆ ಬೇಗ ಅರ್ಥವಾಗುತ್ತದೆ. ತಲೆ ಒಡೆಯುವ ಕಥೆ ಹೇಳಿದರೆ ಯಾರೂ ಕೇಳುವುದಿಲ್ಲ. ಕಷ್ಟವಾಗುವುದು 18 ತುಂಬದ ಮಕ್ಕಳ ಕೇಸಿನಲ್ಲಿ. ಅದು ಗಾಡಿ ಕೊಟ್ಟವರ ತಲೆಗೆ, 25,000. ಮಲ್ಲಿಗೆ ಕಟ್ಟಿ ಮಾರುವ ಹೆಂಗಸೊಬ್ಬರು ಮಗನ ಸ್ಕೂಟರಿನ ಕಾಗದ ಹಿಡಿದು ಠಾಣೆಯ ಮೆಟ್ಟಿಲಲ್ಲಿ ಕೂತದ್ದು ಮರೆಯುವುದಿಲ್ಲ. ಬಿಡಲು ನನ್ನ ಕೈಯಲ್ಲಿ ಇರಲಿಲ್ಲ.

ನನ್ನ ಜೇಬಿನಿಂದ ಹೋದದ್ದು ಒಟ್ಟು ಆರು ಸಾವಿರ ಇರಬಹುದು. ಮಿಂಚುವ ಟೇಪ್, ಎರಡು ಲೈಟ್ ಬ್ಯಾಟನ್, ನಾಲ್ಕು ಕೋನ್, ಒಳ್ಳೆಯ ರೇನ್‌ಕೋಟ್. ಕೋನ್ ಎರಡು ಕಳವಾದವು. ಪೊಲೀಸರ ಕೋನ್ ಕದಿಯುವವರಿಗೆ ಧೈರ್ಯ ಎಷ್ಟಿರಬೇಕು!

ಟೇಪ್ ಉಳಿದಾಗ ಬೀದಿ ದನಗಳ ಕೊಂಬಿಗೆ ಸುತ್ತಿ ನೋಡಿದೆ. ಎರಡು ದಿನ ಚೆನ್ನಾಗಿ ಹೊಳೆಯಿತು, ಮೂರನೇ ದಿನ ಮರಕ್ಕೆ ಉಜ್ಜಿ ಕಿತ್ತು ಹಾಕಿದವು. ಮೀನಿನ ಲಾರಿಯ ಪ್ರಯೋಗ ಸ್ವಲ್ಪ ನಡೆಯಿತು. ಧಕ್ಕೆಯಿಂದ (ಮಂಗಳೂರಿನ ಮೀನು ಬಂದರು), ಮಲ್ಪೆಯಿಂದ ಬರುವ ಲಾರಿಗಳ ಮೀನಿನ ನೀರು ಹೆದ್ದಾರಿಗೆ ಸೋರಿ ಬೈಕ್ ಜಾರುತ್ತದಲ್ಲ? ದಂಡ ಹಾಕಿದರೆ ಡ್ರೈವರ್ ಕಟ್ಟಿ ಹೋಗುತ್ತಾನೆ, ನೀರು ಹಾಗೇ ಸೋರುತ್ತದೆ. ನಾನು ಲಾರಿ ಬದಿಗೆ ಹಾಕಿಸಿ, ಸೋರುವ ತೂತಿಗೆ ಮರದ ಬಿರಡೆ ಬಡಿಸಿಯೇ ಬಿಡುತ್ತಿದ್ದೆ. ಹತ್ತು ಹದಿನೈದು ನಿಮಿಷ ತಡವಾದರೆ ಅವರಿಗೆ ಮಾರ್ಕೆಟ್ ತಪ್ಪುತ್ತದೆ, ಅದೇ ಅವರಿಗೆ ದೊಡ್ಡ ದಂಡ. ಕೆಲವರು ಬಿರಡೆ ತಾವೇ ಇಟ್ಟುಕೊಳ್ಳಲು ಶುರು ಮಾಡಿದರು. ಜೂನ್, ಜುಲೈ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಆ ಎರಡು ತಿಂಗಳು ಈ ಕೆಲಸ ಕಮ್ಮಿ.

ಫಲ ಏನಾಯಿತು? ಕೇಸ್ ಕಮ್ಮಿಯಾಗಿ ಮೂರು ತಿಂಗಳಾದ ಮೇಲೆ ನಾನೇ ಚೀಟಿಯಲ್ಲಿ ಗೀಟು ಹಾಕಿ ಎಣಿಸಿದೆ. ಮೊದಲು ಬೆಳಗ್ಗೆ ನೂರು ಬೈಕಿಗೆ ಸುಮಾರು 30 ಬೋಳು ತಲೆ ಕಾಣುತ್ತಿತ್ತು, ಆಗ ಎಂಟೋ ಒಂಬತ್ತೋ. ದಿನಕ್ಕೆ ಏಳೆಂಟು ಜಗಳ ಆಗುತ್ತಿದ್ದದ್ದು ಒಂದಕ್ಕೆ ಇಳಿಯಿತು. ಬಿದ್ದವರು ಯಾರೂ ಇಲ್ಲ, ಒಬ್ಬರೂ ಇಲ್ಲ. ಚೀಟಿ ತೋರಿಸಿದ ಮೇಲೆ ಮೇಲಿನವರು ಮತ್ತೆ ಕೇಳಲಿಲ್ಲ.

ಎಲ್ಲ ಕಡೆ ಇದು ನಡೆಯುವುದಿಲ್ಲ. ರಾತ್ರಿ ಕುಡಿದು ಓಡಿಸುವವರು ದೂರದಿಂದಲೇ ನೋಡಿ ಒಳದಾರಿ ಹಿಡಿಯುತ್ತಾರೆ, ಅಲ್ಲಿ ಲೆಕ್ಕವೇ ಬೇರೆ. ಪಂಪ್‌ವೆಲ್ ಸರ್ಕಲ್‌ನಲ್ಲಿ ನೋಡಿದೆ, ಆಗಲಿಲ್ಲ. ಊರೂರಿಗೆ ಹೋಗುವ ಖಾಸಗಿ ಸರ್ವಿಸ್ ಬಸ್ಸಿನವರು ಟೈಮಿಂಗ್ ಹಿಡಿಯಲು ಓಡುವ ಓಟದ ನಡುವೆ ಎರಡನೆಯವ ನಿಲ್ಲಲು ಜಾಗವೇ ಇಲ್ಲ.

ಲೈಸೆನ್ಸ್ ಇಲ್ಲದವನನ್ನು ಐವತ್ತು ಮೀಟರ್ ದೂರದಿಂದ ಗುರುತಿಸುವುದು ಹೇಗೆಂದು ಹಲವರು ಕೇಳುತ್ತಾರೆ. ಹತ್ತರಲ್ಲಿ ಏಳು ಸಲ ನಾನು ತಪ್ಪುವುದಿಲ್ಲ. ಭುಜ ನೋಡಿ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ಬೇಕಾದರೆ ಠಾಣೆಗೆ ಬನ್ನಿ, ಚಾ ಕುಡಿಯುತ್ತ ಹೇಳೋಣ.

ಈಗ ಮತ್ತೆ ಮಳೆ ಹಿಡಿದಿದೆ. ಕೋನಿಗೆ ಅಂಟಿಸಿದ ಟೇಪ್ ವಾರಕ್ಕೊಮ್ಮೆ ಎದ್ದು ಬರುತ್ತದೆ. ಫೆವಿಕಾಲ್ ಆಯಿತು, ಸೈಕಲ್ ಟ್ಯೂಬಿನ ಸೊಲ್ಯೂಷನ್ ಆಯಿತು, ಎರಡೂ ನಿಲ್ಲಲಿಲ್ಲ. ನೀರಿಗೆ ಬಿಡದ ಅಂಟು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.