ವಿದೇಶ ಪ್ರಯಾಣ: ಕಸ್ಟಮ್ಸ್ ದಾಟುವುದು ಹೇಗೆ?

ಮೊದಲ ಬಾರಿ ವಿದೇಶಕ್ಕೆ ಹೊರಟವರು ಹೆದರುವುದು ಇಮಿಗ್ರೇಷನ್ ಅಧಿಕಾರಿಯ ಪ್ರಶ್ನೆಗಳಿಗೆ. ಆದರೆ ಹೆಚ್ಚಿನವರು ಎಡವುವುದು ಅದರಾಚೆಗಿನ ಕಸ್ಟಮ್ಸ್‌ನಲ್ಲಿ. ಪಾಸ್‌ಪೋರ್ಟ್, ವೀಸಾಗಳನ್ನು ತಿಂಗಳುಗಳ ಮೊದಲೇ ಸಿದ್ಧಮಾಡಿಕೊಳ್ಳುವವರು ಕೂಡ ಪೆಟ್ಟಿಗೆಯಲ್ಲಿರುವ ಯಾವ ವಸ್ತುವನ್ನು ಘೋಷಿಸಬೇಕು ಎಂದು ಯೋಚಿಸಲು ತೊಡಗುವುದು ಲಗೇಜ್ ಬೆಲ್ಟಿನ ಮುಂದೆ ನಿಂತಾಗ. ಆದ್ದರಿಂದ ಉಳಿದ ಹಂತಗಳನ್ನು ಬೇಗ ಮುಗಿಸಿ, ಆ ಒಂದು ಹಂತವನ್ನು ಇಲ್ಲಿ ವಿವರವಾಗಿ ನೋಡೋಣ.

ಮೊದಲು ದಾಖಲೆಗಳು. ಹಲವು ದೇಶಗಳು ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಟಿಕೆಟ್ಟಿನಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಬೇಕು. ಫೋಟೊ ಇರುವ ಪುಟದ ಕೆಳಭಾಗದಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ, ಯಂತ್ರ ಓದುವುದು ಆ ಸಾಲುಗಳನ್ನೇ. ನಡುವೆ ವಿಮಾನ ಬದಲಿಸುವುದಿದ್ದರೆ ಆ ದೇಶದ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಆಗಮನ ಕಾರ್ಡನ್ನು ಈಗ ಅನೇಕ ದೇಶಗಳು ಆನ್‌ಲೈನಿನಲ್ಲಿಯೇ ತುಂಬಿಸಿಕೊಳ್ಳುತ್ತವೆ. ಸಿಂಗಪುರ, ಥಾಯ್ಲೆಂಡ್‌ಗಳ ಕಾರ್ಡುಗಳು ಸಂಪೂರ್ಣ ಉಚಿತ. ಆದರೂ ಹುಡುಕಾಟದಲ್ಲಿ ಮೊದಲು ಕಾಣಿಸುವ, ಸರ್ಕಾರದ್ದೇ ಎಂಬಂತೆ ತೋರುವ ಖಾಸಗಿ ತಾಣಗಳು ಇದಕ್ಕೆ ಹಣ ಕೀಳುತ್ತವೆ. ಸರ್ಕಾರದ ಅಧಿಕೃತ ತಾಣವನ್ನು ಬಿಟ್ಟು ಬೇರೆಲ್ಲಿಯೂ ಪಾಸ್‌ಪೋರ್ಟ್ ವಿವರ ಕೊಡಬೇಡಿ.

ಎರಡನೆಯದು ಪ್ಯಾಕಿಂಗ್. ನಿಮ್ಮ ಪೆಟ್ಟಿಗೆಯನ್ನು ನೀವೇ ತುಂಬಬೇಕು. ಪರಿಚಿತರು ಕೊಟ್ಟ ಮುಚ್ಚಿದ ಪೊಟ್ಟಣವನ್ನು, ಅದು ಎಷ್ಟೇ ಚಿಕ್ಕದಿರಲಿ, ತೆಗೆದುಕೊಂಡು ಹೋಗಬೇಡಿ. ಅದರೊಳಗೆ ಏನಿದ್ದರೂ ಕಸ್ಟಮ್ಸ್‌ನವರ ಎದುರು ಉತ್ತರ ಹೇಳಬೇಕಾದವರು ನೀವೇ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವಂತೆಯೇ ಇಲ್ಲ, ಅವು ಕೈಚೀಲದಲ್ಲಿಯೇ ಇರಬೇಕು. ಮಿತಿ 100 ವಾಟ್-ಅವರ್. 100ರಿಂದ 160ರವರೆಗಿನದಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. ಲೆಕ್ಕ ಸುಲಭ: ಮಿಲಿ ಆಂಪಿಯರ್-ಅವರ್ ಅಂಕಿಯನ್ನು ವೋಲ್ಟೇಜಿನಿಂದ ಗುಣಿಸಿ 1000ದಿಂದ ಭಾಗಿಸಬೇಕು. 3.7 ವೋಲ್ಟಿನ 20,000 ಮಿಲಿ ಆಂಪಿಯರ್-ಅವರ್ ಪವರ್ ಬ್ಯಾಂಕ್ ಎಂದರೆ 74 ವಾಟ್-ಅವರ್, ಧಾರಾಳವಾಗಿ ಒಯ್ಯಬಹುದು. ಆದರೆ ಮೈಮೇಲೆ ಸಾಮರ್ಥ್ಯವನ್ನೇ ಮುದ್ರಿಸದ, ಅಥವಾ ಎರಡೇ ದಿನದಲ್ಲಿ ಅಳಿಸಿಹೋಗುವ ಸ್ಟಿಕ್ಕರ್ ಅಂಟಿಸಿರುವ ಅಗ್ಗದ ಪವರ್ ಬ್ಯಾಂಕುಗಳನ್ನು ಪ್ರಯಾಣಕ್ಕೆ ಕೊಳ್ಳಲೇಬೇಡಿ. ಅಂಕಿ ಕಾಣಿಸದಿದ್ದರೆ ಭದ್ರತಾ ಸಿಬ್ಬಂದಿ ಅದನ್ನು ಅಲ್ಲಿಯೇ ತೆಗೆದಿಟ್ಟುಕೊಳ್ಳಬಹುದು. ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಸುವುದನ್ನೂ ನಾನು ಒಪ್ಪುವುದಿಲ್ಲ. ತಪಾಸಣೆಗೆ ಕರೆದರೆ ಮೊದಲು ಹರಿದುಹೋಗುವುದು ಆ ಹಾಳೆಯೇ.

ಚೆಕ್-ಇನ್ ಕೌಂಟರಿನಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಂದೇ: ಪೆಟ್ಟಿಗೆಗೆ ಕಟ್ಟಿದ ಟ್ಯಾಗಿನಲ್ಲಿ ನೀವು ಇಳಿಯುವ ಊರಿನ ಮೂರಕ್ಷರದ ಸಂಕೇತ ಇದೆಯೇ ನೋಡಿ, ಅದರ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಿಂದಿನ ಪ್ರಯಾಣದ ಟ್ಯಾಗುಗಳಿದ್ದರೆ ಕಿತ್ತುಹಾಕಿ.

ಭದ್ರತಾ ತಪಾಸಣೆಯಲ್ಲಿ ಜಗಳ ಹುಟ್ಟುವುದು ದ್ರವ ಪದಾರ್ಥಗಳಿಂದ. 2006ರಿಂದ ಜಾರಿಯಲ್ಲಿರುವ 100 ಮಿಲಿಲೀಟರ್ ನಿಯಮದಲ್ಲಿ ಎಣಿಕೆಗೆ ಬರುವುದು ಬಾಟಲಿಯ ಗಾತ್ರವೇ ಹೊರತು ಅದರಲ್ಲಿ ಉಳಿದಿರುವ ದ್ರವವಲ್ಲ. ತಳದಲ್ಲಿ ಒಂದಿಷ್ಟು ಶಾಂಪೂ ಇರುವ 200 ಮಿಲಿಲೀಟರ್ ಬಾಟಲಿಯೂ ಕಸದ ಡಬ್ಬಿಗೆ ಹೋಗುತ್ತದೆ. ಜೆಲ್, ಪೇಸ್ಟ್, ಕ್ರೀಮ್ ಎಲ್ಲವೂ ದ್ರವಗಳೇ. ಹೊಸ ಸ್ಕ್ಯಾನರುಗಳು ಬಂದಿರುವ ಕೆಲವು ನಿಲ್ದಾಣಗಳಲ್ಲಿ ಈ ನಿಯಮ ಸಡಿಲವಾಗಿದೆ ನಿಜ, ಆದರೆ ಹಿಂದಿರುಗುವ ದಾರಿಯ ನಿಲ್ದಾಣದಲ್ಲಿ ಅದೇ ಸಡಿಲಿಕೆ ಇರುತ್ತದೆಂದು ನಂಬಿಕೊಳ್ಳಬೇಡಿ.

ಡ್ಯೂಟಿ-ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಸೀಲು ಮಾಡಿದ ಪಾರದರ್ಶಕ ಚೀಲದಲ್ಲಿ ಕೊಡುತ್ತಾರೆ. ಕೊನೆಯ ನಿಲ್ದಾಣ ತಲಪುವವರೆಗೆ ಅದನ್ನು ಒಡೆಯಬಾರದು. ಅಮೆರಿಕದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವ ನಿಲ್ದಾಣದಲ್ಲಿಯೇ ಪೆಟ್ಟಿಗೆಗಳನ್ನು ಪಡೆದು, ಕಸ್ಟಮ್ಸ್ ಮುಗಿಸಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕಾಗುತ್ತದೆ. ಹಾಗೆ ಒಪ್ಪಿಸುವ ಮುನ್ನ ಬಾಟಲಿಯನ್ನು ಪೆಟ್ಟಿಗೆಯೊಳಗೆ ಸೇರಿಸುವುದು ಎಲ್ಲಕ್ಕಿಂತ ಸುರಕ್ಷಿತ.

ಇಮಿಗ್ರೇಷನ್‌ನಲ್ಲಿ ಕೇಳಿದಷ್ಟಕ್ಕೆ ಮಾತ್ರ ನೇರವಾಗಿ ಉತ್ತರಿಸಿ. ವಾಸದ ವಿಳಾಸ ಮತ್ತು ಹಿಂದಿರುಗುವ ಟಿಕೆಟ್ ಕಾಗದದ ಮೇಲಿರಲಿ, ಫೋನಿನ ಬ್ಯಾಟರಿಯನ್ನು ನಂಬಬೇಡಿ. ಬೆಲ್ಟಿನಲ್ಲಿ ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದು ಬಂದಿದ್ದರೆ ಆ ಸಭಾಂಗಣದಿಂದ ಹೊರಬೀಳುವ ಮೊದಲೇ ವಿಮಾನಯಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೆ ಪೆಟ್ಟಿಗೆ ಕೈಸೇರಿದ 7 ದಿನಗಳೊಳಗೆ, ವಿಳಂಬಕ್ಕೆ 21 ದಿನಗಳೊಳಗೆ ಬರಹದಲ್ಲಿ ದೂರು ಸಲ್ಲಿಸಬೇಕು.

ಈಗ ಕಸ್ಟಮ್ಸ್. ಹಲವು ದೇಶಗಳ ನಿಲ್ದಾಣಗಳಲ್ಲಿ ಇಲ್ಲಿ ದಾರಿ ಎರಡಾಗುತ್ತದೆ: ಘೋಷಿಸುವುದೇನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಜನ ಅರ್ಥಮಾಡಿಕೊಳ್ಳದ ಸಂಗತಿ ಏನೆಂದರೆ, ಹಸಿರು ದಾರಿಯಲ್ಲಿ ಹೆಜ್ಜೆ ಇಟ್ಟರೆ ‘ನನ್ನ ಬಳಿ ಘೋಷಿಸಬೇಕಾದದ್ದು ಯಾವುದೂ ಇಲ್ಲ’ ಎಂದು ಸಹಿ ಹಾಕಿಕೊಟ್ಟ ಹಾಗೆಯೇ. ಮುಂದೆ ಪೆಟ್ಟಿಗೆ ತೆರೆಸಿದಾಗ ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಕೆಂಪು ದಾರಿಗೆ ಹೋದವರು ತಪ್ಪಿತಸ್ಥರೂ ಅಲ್ಲ. ಅಲ್ಲಿ ಹೋಗಿ ಕೇಳಿದವರಲ್ಲಿ ಎಷ್ಟೋ ಮಂದಿ ಏನನ್ನೂ ಕಟ್ಟದೆ ಹೊರಬರುತ್ತಾರೆ. ಸಂದೇಹವಿದ್ದರೆ ಕೆಂಪು ದಾರಿ ಹಿಡಿಯಿರಿ, ಇದರಲ್ಲಿ ಎರಡನೆಯ ಯೋಚನೆ ಬೇಡ.

ಹಣದ ವಿಷಯದಲ್ಲಿ ಗೊಂದಲ ಹೆಚ್ಚು. ಅಮೆರಿಕದಲ್ಲಿ 10,000 ಡಾಲರಿಗಿಂತ ಹೆಚ್ಚಿನ, ಐರೋಪ್ಯ ಒಕ್ಕೂಟದಲ್ಲಿ 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಒಳಗೆ ತರುವಾಗಲೂ ಹೊರಗೆ ಒಯ್ಯುವಾಗಲೂ ಘೋಷಿಸಬೇಕು. ಇದು ಒಯ್ಯಬಹುದಾದ ಮೊತ್ತದ ಮಿತಿಯಲ್ಲ, ಇದಕ್ಕೆ ತೆರಿಗೆಯೂ ಇಲ್ಲ. ತಿಳಿಸದೆ ಒಯ್ಯುವುದಷ್ಟೇ ಅಪರಾಧ. ಟ್ರಾವೆಲರ್ಸ್ ಚೆಕ್ಕುಗಳೂ ಲೆಕ್ಕಕ್ಕೆ ಸೇರುತ್ತವೆ. ಒಂದೇ ಘೋಷಣೆ ಸಲ್ಲಿಸುವ ಕುಟುಂಬದ ಹಣವನ್ನು ಅಮೆರಿಕ ಒಟ್ಟಾಗಿ ಎಣಿಸುವುದರಿಂದ ಗಂಡ-ಹೆಂಡತಿ ಹಂಚಿ ಇಟ್ಟುಕೊಂಡರೆ ಘೋಷಣೆ ತಪ್ಪುವುದಿಲ್ಲ.

ತಿನ್ನುವ ಪದಾರ್ಥಗಳ ಬಗ್ಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಷ್ಟು ಕಟ್ಟುನಿಟ್ಟಿನ ದೇಶಗಳು ಕಡಿಮೆ. ಕೀಟ ಮತ್ತು ಸಸ್ಯರೋಗಗಳು ಒಳಬಂದರೆ ಅಲ್ಲಿನ ಬೆಳೆಗಳು ನಾಶವಾಗುತ್ತವೆ ಎಂಬ ನೈಜ ಭಯ ಅದಕ್ಕೆ ಕಾರಣ. ವಿಮಾನದಲ್ಲಿ ಊಟದ ಜೊತೆ ಕೊಟ್ಟ ಸೇಬನ್ನು ಆಮೇಲೆ ತಿನ್ನೋಣವೆಂದು ಕೈಚೀಲದ ಪಕ್ಕದ ಜೇಬಿಗೆ ಹಾಕಿ ಮರೆತುಬಿಡುತ್ತಾರೆ. ಸಾಲಿನಲ್ಲಿ ನಿಂತಾಗ ತಪಾಸಣೆಯ ನಾಯಿ ಬಂದು ಚೀಲವನ್ನು ಮೂಸಿ, ಬೊಗಳದೆ, ಅದರ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡುತ್ತದೆ. ಅಧಿಕಾರಿಗೆ ಅದೇ ಸೂಚನೆ. ನ್ಯೂಜಿಲೆಂಡ್‌ನಲ್ಲಿ ಹೀಗೆ ಘೋಷಿಸದ ಹಣ್ಣಿಗೆ ಸ್ಥಳದಲ್ಲಿಯೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು. ಅದೇ ಸೇಬನ್ನು ಘೋಷಿಸಿದ್ದರೆ ಅದನ್ನು ತೆಗೆದುಕೊಂಡು ನಿಮ್ಮನ್ನು ಕಳುಹಿಸುತ್ತಾರೆ. ಬೀಜ, ಒಣಹೂವು, ಮರದ ಕೆತ್ತನೆ, ಮಣ್ಣು ಮೆತ್ತಿದ ಬೂಟುಗಳನ್ನೂ ಘೋಷಿಸಬೇಕು. ಐರೋಪ್ಯ ಒಕ್ಕೂಟಕ್ಕೆ ಹೊರಗಿನ ಬಹುತೇಕ ದೇಶಗಳಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ.

ಔಷಧಿಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿಯೇ ಇಟ್ಟು, ಮೂಲ ರಾಸಾಯನಿಕದ ಹೆಸರು ಬರೆದ ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ಮಾತ್ರೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದುಕೊಳ್ಳುವುದು ಕೆಟ್ಟ ಅಭ್ಯಾಸ. ಶೇಕಡಾ 10ಕ್ಕಿಂತ ಹೆಚ್ಚು ಸ್ಯೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆಗೆ ಜಪಾನಿನಲ್ಲಿ ನಿಷೇಧವಿದೆ. ಕೊಡೀನ್, ಟ್ರಮಡಾಲ್ ಇರುವ ನೋವುನಿವಾರಕಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ.

ಮದ್ಯ, ತಂಬಾಕಿನ ರಿಯಾಯಿತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ವಿಮಾನದಲ್ಲಿ ಬರುವ ವಯಸ್ಕರಿಗೆ ಐರೋಪ್ಯ ಒಕ್ಕೂಟದ ಅನೇಕ ದೇಶಗಳು 200 ಸಿಗರೇಟುಗಳಿಗೆ ಸುಂಕ ಬಿಟ್ಟರೆ, ಸಿಂಗಪುರ ಒಂದು ಸಿಗರೇಟಿಗೂ ಬಿಡುವುದಿಲ್ಲ. ಡ್ಯೂಟಿ-ಫ್ರೀ ಅಂಗಡಿಯಲ್ಲಿ ಕೊಂಡದ್ದಕ್ಕೆ ಎಲ್ಲಿಯೂ ಸುಂಕವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಹೊರಟ ದೇಶ ಸುಂಕ ಹಾಕಲಿಲ್ಲ ಎಂಬುದಷ್ಟೇ ಅಲ್ಲಿನ ರಿಯಾಯಿತಿ. ಇಳಿಯುವ ದೇಶದ ಮಿತಿ ಮೀರಿದರೆ ಅದರ ಸುಂಕ ಕಟ್ಟಲೇಬೇಕು. ಉಡುಗೊರೆ ಎಂದ ಮಾತ್ರಕ್ಕೂ ವಿನಾಯಿತಿ ಸಿಗುವುದಿಲ್ಲ. ಕೊಂಡ ವಸ್ತುಗಳ ಬಿಲ್ಲುಗಳನ್ನು ಒಂದೇ ಲಕೋಟೆಯಲ್ಲಿಡಿ, ಕೇಳಿದ ಕೂಡಲೇ ಕೊಡಿ. ಬಿಲ್ ಇಲ್ಲದಿದ್ದರೆ ಬೆಲೆ ಕಟ್ಟುವುದು ಅಧಿಕಾರಿಯ ಅಂದಾಜಿಗೆ ಬಿಟ್ಟದ್ದು.

ದುಬಾರಿ ಕ್ಯಾಮೆರಾ ಅಥವಾ ಒಡವೆಯನ್ನು ಮನೆಯಿಂದಲೇ ಒಯ್ಯುತ್ತಿದ್ದರೆ, ಹೊರಡುವ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಕ್ಯಾಮೆರಾದ ಸೀರಿಯಲ್ ಸಂಖ್ಯೆ ಅದರಲ್ಲಿ ದಾಖಲಾಗಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಪೆಟ್ಟಿಗೆ ಚೆಕ್-ಇನ್ ಆದ ಮೇಲೆ ಅದರೊಳಗಿನ ವಸ್ತುವನ್ನು ತೋರಿಸಲಾಗುವುದಿಲ್ಲ, ಆದ್ದರಿಂದ ಈ ಕೆಲಸ ಅದಕ್ಕಿಂತ ಮೊದಲೇ ಮುಗಿಯಬೇಕು. ಹಿಂದಿರುಗುವಾಗ ಸುಂಕ ಕಟ್ಟಿದ್ದರೆ ಅದರ ರಸೀದಿಯನ್ನು ಆ ವಸ್ತು ನಿಮ್ಮ ಬಳಿ ಇರುವವರೆಗೂ ಉಳಿಸಿಕೊಳ್ಳಿ. ಮುಂದಿನ ಪ್ರಯಾಣದಲ್ಲಿ ಅದೇ ವಸ್ತುವಿನ ಬಗ್ಗೆ ಮತ್ತೆ ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.